ನಾಲ್ಕನೇ ಕಿಟಕಿ

ಒಂಬತ್ತು ಚಳಿಗಾಲ, ಸೋಮವಾರ ಸೋಮವಾರ,
ಗಾಜಿನ ಈಚೆಯಿಂದ ಕೇಳಿದ್ದೇನೆ
ರೊಸೇರ್ ಥಿಬಡೋನನ್ನು:
ಹೋದ ವಾರ ಕೆಲಸ ಹುಡುಕಿದಿರಾ?
ಎಲ್ಲೆಲ್ಲಿ? ಯಾರನ್ನು ಕಂಡಿರಿ? ಏನಂದರು?
ಮೈ ಗಟ್ಟಿ ಇತ್ತೆ? ಸಿಕ್ಕಿದ್ದರೆ ಮಾಡುತ್ತಿದ್ದಿರಾ?
ದುಡಿದದ್ದು ಏನಾದರೂ ಉಂಟೆ, ಒಂದು ತಾಸಾದರೂ?

ಅವನು ಡಾಂಬರಿನವನು. ಲೂಯಿಸ್ಟನ್ನಿನಿಂದ ಉತ್ತರಕ್ಕೆ
ಅರ್ಧ ರಸ್ತೆಗಳಿಗೆ ಅವನ ಸಲಿಕೆ ತಾಗಿದೆ.
ನೆಲ ಹೆಪ್ಪುಗಟ್ಟಿತೋ, ಡಾಂಬರು ಹಿಡಿಯುವುದಿಲ್ಲ.
ಕಂಪನಿ ತನ್ನ ಲಾರಿಗಳಿಗೆ ತಾಡಪಾಲು ಹೊದೆಸಿ
ಮನುಷ್ಯರನ್ನು ನನ್ನ ಕಿಟಕಿಗೆ ಕಳಿಸುತ್ತದೆ.
ಉತ್ತರವೆಲ್ಲ ಬಾಯಿಪಾಠ. ಆದರೂ ಪ್ರತಿ ಸಲ
ಟೋಪಿ ತೆಗೆದು, ಯೋಚಿಸಿಯೇ ಹೇಳುತ್ತಾನೆ.
ಒಮ್ಮೆ ನೆರೆಮನೆಯ ವಿಧವೆಯ ಮೆಟ್ಟಿಲಿನ ಹಿಮ ಗೋರಿ
ಸೇಬಿನ ಪೈ ಪಡೆದದ್ದನ್ನೂ ಬರೆಸಿದ.
ಆದಾಯದ ಕಾಲಮ್ಮಿನಲ್ಲಿ ಬರೆದೆ: ಒಂದು ಪೈ.
ಪೈಗೆ ಪೈ ಲೆಕ್ಕ ಕೊಡುವ ಮನುಷ್ಯ.

ಈ ನವೆಂಬರಿನಲ್ಲಿ ಇಡೀ ರಾಜ್ಯಕ್ಕೇ ಒಂದು ಪ್ರಶ್ನೆ,
ಮತಪತ್ರದ ಬೆನ್ನಿಗೆ, ನಾಲ್ಕನೆಯದು:
ನಿರುದ್ಯೋಗ ಕಚೇರಿಗಳನ್ನು ಊರೂರಲ್ಲಿ
ಉಳಿಸುವ ಕಾನೂನನ್ನು ರದ್ದು ಮಾಡುವ ತಿದ್ದುಪಡಿಯನ್ನು
ತಡೆಯಬೇಕೆ?
ಹೌದು ಎಂದರೆ ಕಿಟಕಿ ಇರುತ್ತದೆ. ಅಥವಾ ಇರುವುದಿಲ್ಲ.
ಮೂರು ಸಲ ಓದಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟು
ಎರಡೂ ಕೋಣೆ ಕತ್ತಲಾಗಿಸಿದವರು ಯಾರೋ
ಒಳ್ಳೆ ಸಂಬಳದ ಮೇಲೆಯೇ ಇರಬೇಕು.

ಕಿಟಕಿ ಹೋದರೆ ಆಗಸ್ಟಾದಲ್ಲಿ ಒಂದು ಯಂತ್ರ, ಒಂದು ನಂಬರು.
ನಡುರಾತ್ರಿಯೂ ಸರಿ, ಟೋಪಿ ತೆಗೆಯಬೇಕಿಲ್ಲ.
ಅದರಲ್ಲಿ ಹುರುಳಿಲ್ಲ ಎನ್ನಲಾರೆ:
ಹೋದ ಮಾರ್ಚಿನಲ್ಲಿ ಇಫ್ರಾಹ್ ಎಂಬಾಕೆ
ಹಸುಗೂಸು ಹೊತ್ತು ಮೂರು ತಾಸು ನಿಂತು
ಗಾಜಿನ ಹತ್ತಿರ ಬಂದಳು. ನನಗೆ ಊಟದ ಹೊತ್ತು.
ಕಿಟಕಿ ಮುಚ್ಚಿದೆ.

ಮಂಗಳವಾರ, ಶಾಲೆಯ ಜಿಮ್ಮಿನಲ್ಲಿ ಸಾಲು.
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ನನ್ನ ಮುಂದೆಯೇ ರೊಸೇರ್.
ಗಾಜಿಲ್ಲದೆ ಅವನು ಇಷ್ಟು ಎತ್ತರವೆಂದು ಗೊತ್ತಿರಲಿಲ್ಲ.
ತಿರುಗಿ, ದನಿ ತಗ್ಗಿಸಿ ಕೇಳಿದ:
"ನಾಲ್ಕಕ್ಕೆ ನೀವು ಏನು ಹಾಕುತ್ತೀರಿ?"

ಒಂಬತ್ತು ಚಳಿಗಾಲದಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ.
ಮೇಲಿನವರ ಸುತ್ತೋಲೆ ಬಂದಿತ್ತು:
ಸಿಬ್ಬಂದಿ ಈ ವಿಷಯ ಬಾಯಿ ಬಿಡತಕ್ಕದ್ದಲ್ಲ.
ನಾನು ಬುಟ್ಟಿಯ ಹರಿದ ಬಲೆ ನೋಡಿದೆ.
ಅವನು ತಲೆಯಾಡಿಸಿದ, ಸಹಿ ತಪ್ಪಿದೆಯೆಂದು
ನಾನು ಫಾರ್ಮು ಹಿಂದಕ್ಕೆ ತಳ್ಳಿದಾಗ ಆಡಿಸುವಂತೆಯೇ.

ಪೆನ್ನಿಗೆ ದಾರ ಕಟ್ಟಿತ್ತು, ನಮ್ಮ ಕಚೇರಿಯಲ್ಲಿದ್ದ ಹಾಗೆ.
ಕುಂಬಳದ ಬೀಜದಷ್ಟು ಖಾಲಿ ಜಾಗ.
ಅವನು ಅಂಚಿನಿಂದ ಒಳಕ್ಕೆ, ಒತ್ತಿ, ಸಮ ಮಾಡಿ
ತುಂಬುತ್ತಲೇ ಇದ್ದ. ಹಿಂದೆ ಜನ ಕಾಲು ಬದಲಿಸಿದರು.
ನಾನು? ನನ್ನ ಸಂಬಳಕ್ಕೆ ಹಾಕಿದೆನೋ
ಇಫ್ರಾಹ್‌ಳ ಕಾಲುಗಳಿಗೆ ಹಾಕಿದೆನೋ,
ಸುತ್ತೋಲೆ ಇನ್ನೂ ಜಾರಿಯಲ್ಲಿದೆ.

ಮತ್ತೆ ಸೋಮವಾರ. ಎಣಿಕೆ ಮುಗಿದಿಲ್ಲ,
ಎರಡು ಊರಿನ ಪೆಟ್ಟಿಗೆ ಬಾಕಿಯಂತೆ.
ಹೋದ ವಾರ ದುಡಿದದ್ದು ಏನಾದರೂ ಉಂಟೆ?
ಟೋಪಿ ತೆಗೆದ. ಯೋಚಿಸಿದ.
"ಮಂಗಳವಾರ ಒಂದು ಗುಂಡಿ ಮುಚ್ಚಿದೆ. ಸಣ್ಣದು."
ಕೂಲಿ?
"ಅದು ನಿಮಗೇ ಗೊತ್ತಾಗಬೇಕು" ಅಂದ.

ಅವನ ಹಿಂದೆ ಯಾರೋ ಕೆಮ್ಮಿದರು.
ಕಾಲಮ್ಮು ಖಾಲಿ ಬಿಟ್ಟು ಮುದ್ರೆ ಒತ್ತಿದೆ.