ಹತ್ತು ಗುಟುಕು

ಸಾಲಗಾಮೆ ರಸ್ತೆಯ ನರ್ಸಿಂಗ್ ಹೋಮು, ಎರಡನೇ ಮಹಡಿ.
ರಾತ್ರಿಯಿಂದ ನೀರೂ ಕುಡಿದಿಲ್ಲ.
ನಿಖತ್ ಎಂಬ ಹುಡುಗಿ ಮೂಗಿಗೆ ಜೆಲ್ಲಿ ಸವರಿ
'ಕಣ್ಣಲ್ಲಿ ನೀರು ಬರತ್ತೆ, ತಡ್ಕೊಳ್ಳಿ ಅಕ್ಕ' ಅಂದಳು.
ಬಂತು.
ವೈರಿನಂಥ ನಳಿಕೆ ಮೂಗು ದಾಟಿ, ಗಂಟಲು ದಾಟಿ,
ಹೊಟ್ಟೆಯ ಬಾಯಿಗಿಳಿದು ಕೂತಿತು,
ಪಾಸು ತೋರಿಸಿದ ಪ್ಯಾಸೆಂಜರಿನ ಠೀವಿಯಲ್ಲಿ.

'ಹತ್ತು ಗುಟುಕು. ನಾನು ಹೇಳಿದಾಗ ಮಾತ್ರ.
ನಡುವೆ ಎಂಜಲೂ ನುಂಗೋ ಹಾಗಿಲ್ಲ.'

ನಾನು ಮುದ್ದೆ ನುಂಗಿ ಬೆಳೆದವಳು.
ಸೋದರತ್ತೆ ಕೆಂಚಮ್ಮ ತಲೆಗೆ ಮೊಟಕಿ ಕಲಿಸಿದ್ದು:
ಹಲ್ಲಿಗೆ ತಾಗಿಸಬೇಡ, ಸಾರಲ್ಲಿ ಹೊರಳಿಸಿ ಬಿಡು,
ದಾರಿ ಅದಕ್ಕೆ ಗೊತ್ತು.
ಮೂವತ್ತೆಂಟು ವರ್ಷ ಗೊತ್ತಿತ್ತು.

ಮೊದಲು ಬೆರಳು. ಧನುರ್ಮಾಸದ ಫಸ್ಟ್ ಟ್ರಿಪ್ಪಿನಲ್ಲಿ
ಚಿಲ್ಲರೆ ಎಣಿಸುತ್ತ ತುದಿಗಳು ಸುಣ್ಣ, ಆಮೇಲೆ ನೇರಳೆ.
'ಇಂಕು ಮೆತ್ಕಂಡದೆ ಮೇಡಂ' ಅಂದ ಹಗರೆಯವನೊಬ್ಬ.
ಆಮೇಲೆ ಚರ್ಮ, ಒಂದು ಸೈಜು ಚಿಕ್ಕ ರವಿಕೆ.
ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿಯೇ ತೆಗೆದ.
ಆಮೇಲೆ ಮುದ್ದೆ. ಎದೆಮೂಳೆಯ ಹಿಂದೆ ನಿಂತುಬಿಟ್ಟಿತು,
ಬಾಗಿಲು ಬಿಡದ ಕಾಲೇಜು ಹುಡುಗರ ಥರ.
ಮುಂದೆ ಹೋಗ್ರೀ, ಒಳಗೆ ಜಾಗ ಇದೆ,
ಎಷ್ಟು ಕೂಗಿದರೂ.

'ನುಂಗಿ.'
ಸಿರಿಂಜಿನಿಂದ ಐದೇ ಎಂಎಲ್.
ಪರದೆಯ ನೆತ್ತಿಯಲ್ಲಿ ಕೆಂಪಿನ ತುಣುಕೊಂದು ಮಿನುಗಿ
ಕೆಳಗೆಲ್ಲ ನೀಲಿ.
'ನುಂಗಿ.'
ಕೆಂಪು. ನೀಲಿ.
ಹಾಸನ ಬಿಟ್ಟ ಗಾಡಿ ಹಗರೆ ಕೂಡ ಮುಟ್ಟಲಿಲ್ಲ.
ಬೇಲೂರಿನ ಗೇಟು ಮಾತ್ರ
ಕಾಯುವವರಿಲ್ಲದೆ ಹಾರು ಹೊಡೆದಿತ್ತು.

ಬೈಗುಳ ನುಂಗಿ ನುಂಗಿ ಹೀಗಾಯ್ತು ಅಂತಾಳೆ ಓರಗಿತ್ತಿ.
ಸುಳ್ಳು. ನಾನು ಯಾರ ಬೈಗುಳವನ್ನೂ ನುಂಗಿದವಳಲ್ಲ,
ಎಲ್ಲ ಚಿಲ್ಲರೆ ಸಮೇತ ವಾಪಸು ಕೊಟ್ಟಿದ್ದೇನೆ.

ಹತ್ತು ಮುಗಿದ ಮೇಲೆ ಎಬ್ಬಿಸಿ ಕೂರಿಸಿದಳು.
ಇನ್ನೂ ಒಂದು ಗುಟುಕು.
ಪರದೆ ಹಾಗೇ ನೀಲಿ, ಆದರೆ ನೀರು ಇಳಿಯಿತು,
ಯಾರೂ ದೂಡದೆ, ತನ್ನ ಭಾರಕ್ಕೆ ತಾನೇ.
'ಕೂತೋ ನಿಂತೋ ತಿನ್ನಿ ಅಕ್ಕ, ತಿಂದು ಮಲಗಬೇಡಿ.
ಉಳಿದದ್ದು ಡಾಕ್ಟ್ರು ಹೇಳ್ತಾರೆ.'
ನಿಲ್ಲೋದೇ ನನ್ನ ಡ್ಯೂಟಿ ಕಣಮ್ಮ, ಅಂದೆ.
ಮೂಗು ಉರಿಯುತ್ತಿತ್ತು, ನಗಲಾಗಲಿಲ್ಲ.

ಮರುದಿನ ಸ್ಟ್ಯಾಂಡಿನಲ್ಲಿ, ಮೆಟ್ಟಿಲ ಮೇಲೆ ನಿಂತು
ಫ್ಲಾಸ್ಕಿನ ಅಂಬಲಿ ಒಂದೊಂದೇ ಗುಟುಕು.
ಡ್ರೈವರ್ ಧರ್ಮೇಶಣ್ಣ ಹಾರ್ನ್ ಒತ್ತಿದ.
ತಡಿಯಣ್ಣ, ಇಳೀತಾ ಇದೆ.
ಅವನು ಕನ್ನಡಿಯಲ್ಲಿ ನೋಡಿದ.
ಬಾಗಿಲಲ್ಲಿ ಇಳಿಯುವವರು ಯಾರೂ ಇರಲಿಲ್ಲ.