ಸಿಕ್ಕಾಗ, ಬಿಟ್ಟಾಗ

ಗೋಪಿ ಸರ್ಕಲ್ಲಿನ ಗದ್ದಲ ಇಳಿಯಲಿ ಅಂತ
ಹನ್ನೊಂದೂವರೆಯವರೆಗೆ ಕಾಯುತ್ತೇನೆ.
ಆಮೇಲೆ ಫ್ಯಾನು ಆರಿಸಿ, ಗೋಡೆ ಗಡಿಯಾರದ ಸೆಲ್ಲು ತೆಗೆದು,
ಷಟರ್ ಎಳೆದು ಕೂರುತ್ತೇನೆ.
ಪಕ್ಕದ ಬೇಕರಿಯ ಫ್ರಿಜ್ಜು ಮಾತ್ರ
ನನ್ನ ಮಾತು ಕೇಳುವುದಿಲ್ಲ.

ಸುಣ್ಣದ ಡಬ್ಬಿಯಷ್ಟಿದೆ ನನ್ನ ಕ್ಯಾಲಿಬ್ರೇಟರು.
ಅದಕ್ಕೆ ಬರುವುದು ಒಂದೇ ಮಾತು:
ಸೆಕೆಂಡಿಗೆ ಇನ್ನೂರೈವತ್ತು ಸಲ, ಒಂದೇ ಸಮ, ಹೂಂ.
ಹೊರಗಿದ್ದವರಿಗೆ ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿ.
ಒಳಗೆ, ಬೆರಳುಗಾತ್ರದ ಕತ್ತಲಲ್ಲಿ, ಕಿವಿತಮಟೆ ಹರಿಯುವಷ್ಟು ಜೋರು,
ನೂರ ಇಪ್ಪತ್ನಾಲ್ಕು ಡೆಸಿಬಲ್,
ಅದೂ ಸಮುದ್ರದ ಮಟ್ಟದಲ್ಲಿ.
ಇಲ್ಲಿ ಘಟ್ಟದ ಮೇಲೆ ಗಾಳಿಯೇ ಚೂರು ತೆಳು;
ಅರ್ಧ ಡೆಸಿಬಲ್ಲಿಗಿಂತ ಒಂಚೂರು ಹೆಚ್ಚು ಕಳೆಯಬೇಕು,
ಆಗುಂಬೆಗೆ ಒಯ್ದರೆ ಇನ್ನೂ ಸ್ವಲ್ಪ.
ಹೀಗೆ ಕಳೆದು ಉಳಿದ ಅಂಕಿಯನ್ನು ನಾವು ನಿಜ ಅನ್ನುತ್ತೇವೆ.

ಈ ಹೊತ್ತು ಮೇಜಿನ ಮೇಲಿರುವುದು
ಠಾಣೆಯಿಂದ ಬಂದ ಶಬ್ದಮಾಪಕ.
ಕಾನ್‌ಸ್ಟೇಬಲ್ ತಿಪ್ಪೇಶಿ ಹೆಲ್ಮೆಟ್ಟಿನೊಳಗೆ ಇಟ್ಟು ತಂದಿದ್ದ,
ಕೋಳಿಮರಿ ತಂದ ಹಾಗೆ.
"ಸೀಲು ಒಂದು ಹಾಕಿಕೊಡಿ ಸಾರ್, ಆಡಿಟ್ಟು ಬರ್ತದೆ."

ಮೈಕಿನ ಮೂತಿಗೆ ಡಬ್ಬಿ ತೊಡಿಸಿದೆ.
ಅಂಕಿ ಏರಿತು, ತಡವರಿಸಿತು, ನಿಂತಿತು.
ತೆಗೆದೆ. ಒರೆಸಿದೆ. ಮತ್ತೆ ತೊಡಿಸಿದೆ.
ಮೂರು ಸಲವೂ ಅದೇ:
ಎರಡೂ ಮುಕ್ಕಾಲು ಹೆಚ್ಚು.

ಏನು ಮಹಾ ಅನ್ನಬಹುದು.
ಅಂಗಡಿ ತಕ್ಕಡಿಯಾದರೆ
ಒಂದು ಕಿಲೋ ಬೆಲ್ಲವನ್ನು ಹತ್ತಿರ ಹತ್ತಿರ ಎರಡು ಅಂದ ಹಾಗೆ.

ದಾದಾಪೀರ್ ನೆನಪಾದ.
ಊರುಗಡೂರಿನವನು, ಮದುವೆಗಳಿಗೆ ಸೌಂಡ್ ಸೆಟ್ಟು ಕೊಡುತ್ತಿದ್ದ.
ಹೋದ ಫೆಬ್ರವರಿಯಲ್ಲಿ ಇದೇ ಯಂತ್ರ
ಮಿತಿಗಿಂತ ಎರಡು ಜಾಸ್ತಿ ಅಂದಿತ್ತು,
ಆಂಪ್ಲಿಫೈಯರು ಠಾಣೆಯ ಬೆಂಚಿನಡಿ ಸೇರಿತ್ತು.
ಈ ಸ್ಟೂಲಿನ ಮೇಲೆಯೇ ಕೂತು ಹೇಳಿದ್ದ:
"ನಾನು ಇಳಿಸಿದ್ದೆ ಅಣ್ಣಾ, ಆ ನಾಬು ನನ್ನ ಕೈಗೆ ಗೊತ್ತು."
ನಾನು ಸೋಲ್ಡರಿನಿಂದ ತಲೆ ಎತ್ತದೆ
"ಕೈ ಮರೀತದೆ ಮಾರಾಯ, ಮಿಷನ್ನು ಸುಳ್ಳು ಹೇಳಲ್ಲ" ಅಂದಿದ್ದೆ.
ಎರಡು ಹಾರ್ನು ಮಾರಿ ದಂಡ ಕಟ್ಟಿದ.

ವಾಚು ರಿಪೇರಿಯ ಸ್ಕ್ರೂಡ್ರೈವರಿನಲ್ಲಿ
ಕಾಲು ಸುತ್ತಿಗಿಂತ ಕಮ್ಮಿ. ಅಷ್ಟೇ.

ಪ್ರಮಾಣಪತ್ರದಲ್ಲಿ ಎರಡು ಕಾಲಂ.
ಸಿಕ್ಕಾಗ: ಎರಡೂ ಮುಕ್ಕಾಲು ಅಧಿಕ.
ಬಿಟ್ಟಾಗ: ಸೊನ್ನೆ.
ಮೊದಲನೆಯದನ್ನು ಖಾಲಿ ಬಿಡುವುದು ರೂಢಿ, ಯಾರೂ ಕೇಳುವುದಿಲ್ಲ.
ಇವತ್ತು ಒತ್ತಿ ಬರೆದೆ. ಕಾರ್ಬನ್ ಪ್ರತಿ ಜೇಬಿಗೆ.
ಯಾವಾಗಿನಿಂದ ಹೀಗೆ
ಅಂತ ಬರೆಯಲು ಕಾಲಂ ಇಲ್ಲ.

ತಡವಾದ ತಾಳಗುಪ್ಪ ರೈಲು ಹೊಳೆ ದಾಟಿತು.
ಮಾಪಕ ಏರಿ, ಇಳಿದು,
ಬೇಕರಿಯ ಫ್ರಿಜ್ಜಿಗೆ ಬಂದು ನಿಂತಿತು: ಮೂವತ್ತೊಂದು.
ಬೆಳಿಗ್ಗೆ ಊರುಗಡೂರಿಗೆ ಹೋಗಿ ಏನಂತ ಶುರು ಮಾಡುವುದು,
ಇಲ್ಲೇ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದೆ.
ಐವತ್ತೆಂಟು, ಅಂತು ಯಂತ್ರ.
ಎರಡನೇ ಸಲ, ನಲವತ್ತಾರು.