ಒಡಕು ಬೋಲ್ಟು

ಅಸ್ಮಾರಾದ ಲೋಕೋ ಶೆಡ್ಡು. ಸುತ್ತಿಗೆ ನನ್ನ ಕೈಲಿ.
ಹಬ್ತೆಜ್ಗಿಯ ಕಿವಿ ಎರಡನ್ನೂ ಯುದ್ಧ ತಿಂದಿದೆ;
ಬಾಯ್ಲರಿಗೆ ಅಂಗೈ ಊರಿ, ದವಡೆ ಒತ್ತಿ
ಕಬ್ಬಿಣವನ್ನು ಕೇಳುತ್ತಾನೆ.

"ಹೊಡಿ."
ಗಟ್ಟಿ ಬೋಲ್ಟು ಗಂಟೆಯ ಹಾಗೆ,
ಮುರಿದದ್ದು ಒಡಕು ಮಡಕೆಯ ಹಾಗೆ.
ನನಗದು ತಿಳಿಯುವ ಮೊದಲೇ
ಅವನ ಹುಬ್ಬು ಗಂಟಿಕ್ಕಿರುತ್ತದೆ.
ಚಾಕಿನಿಂದ ಗುರುತು ಹಾಕುತ್ತೇನೆ:
ಇನ್ನೂರ ಹನ್ನೊಂದರಲ್ಲಿ ನಲವತ್ತು ಹೋಗಿವೆ.

ಹಳಿಗಳು ಬಂದದ್ದು ಕಂದಕಗಳಿಂದ,
ಅಲ್ಲಿ ಹುಡುಗರ ತಲೆಗೆ ಸೂರಾಗಿದ್ದವು.
ಕೆಲವು ಇನ್ನೂ ಬಾಗಿವೆ,
ಯಾವ ಗುಂಡು ಎಂದು ಯಾರೂ ಕೇಳುವುದಿಲ್ಲ.
ಲಾರಿಯ ಸ್ಪ್ರಿಂಗು ಕಾಯಿಸಿ, ಬಡಿದು, ಕೊಂಡಿ ಮಾಡಿದೆವು;
ಬಿಡಿಭಾಗಕ್ಕೆ ಬರೆದರೆ, ಇಟಲಿಯ ಆ ವಿಳಾಸದಲ್ಲಿ
ಈಗ ಬಿಸ್ಕತ್ತು ಮಾಡುತ್ತಾರಂತೆ.

ಶನಿವಾರ ನಸುಕಿಗೇ ಬೆಂಕಿ ಹಾಕಿದ್ದು.
ಕಾಫಿ ಮೂರು ಸುತ್ತು ಮುಗಿದರೂ
ಒತ್ತಡದ ಮುಳ್ಳು ಮಲಗಿಯೇ ಇತ್ತು.
ಎದ್ದಿತು, ಮಧ್ಯಾಹ್ನ ದಾಟಿದ ಮೇಲೆ.
ಸರಪಳಿ ಎಳೆದೆ.
ನನ್ನ ಹಲ್ಲುಗಳೂ ನಡುಗಿದವು.

ಮುದುಕ ಮಾಡಿನತ್ತಲೇ ನೋಡುತ್ತಿದ್ದ;
ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದಾಗ
"ಕೂಗಿತಲ್ಲ?" ಎಂದ.

ತಲೆಯಾಡಿಸಿದೆ. ಅವನು ನೋಡಲಿಲ್ಲ,
ಆಗಲೇ ಬಗ್ಗಿ
ಎಡಗಡೆ ಜಿನುಗುತ್ತಿದ್ದ ಬೋಲ್ಟೊಂದಕ್ಕೆ
ಚಾಕು ಕೊಡೆಂದು ಕೈ ಚಾಚಿದ್ದ;
ಚಾಕಲ್ಲ, ಚಾಕ್, ಎಂದು
ಬೆರಳಲ್ಲಿ ಗಾಳಿಯ ಮೇಲೆ ಗೀಚುತ್ತ.